ಹೊಳೆಯುವ ಪುಟಗಳ ಸಿರಿವಂತಿಕೆ ಮತ್ತು ನಮ್ಮ ಲೆಕ್ಕದ ಪುಸ್ತಕ

(ತಾಲ್ಲೂಕು ಮಟ್ಟದ ರೈತ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಇವತ್ತಿನ ನನ್ನ ವಿಷಯ ಕೇಳಿ ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. ಬೆಳೆಗೆ ಬೆಲೆ ಇಲ್ಲ, ಸೊಸೈಟಿ ಸಾಲದ ಕಂತು ಕಟ್ಟಬೇಕು, ಪಂಪ್‌ಸೆಟ್ಟಿಗೆ ಕರೆಂಟು ಬರುವುದು ನಡುರಾತ್ರಿ. ಇಷ್ಟೆಲ್ಲ ಇರುವಾಗ ಈ ಮನುಷ್ಯ ಶ್ರೀಮಂತರು ಓದುವ ಬಣ್ಣದ ಪತ್ರಿಕೆಗಳ ಮೇಲೆ ಭಾಷಣ ಮಾಡ್ತೀನಿ ಅಂತಾನಲ್ಲ, ಇವನಿಗೆ ಬೇರೆ ಕೆಲಸ ಇಲ್ಲವೇ ಅಂತ ನೀವು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ನಾವು ಇಷ್ಟು ವರ್ಷ ಬೆಲೆಯ ಪ್ರಶ್ನೆಯನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದವರು. ಒಂದು ವಸ್ತುವಿಗೆ ಬೆಲೆ ಎಲ್ಲಿ ಹುಟ್ಟುತ್ತದೆ, ಅದನ್ನು ಯಾರು ಕಟ್ಟುತ್ತಾರೆ, ಆ ದುಡ್ಡು ಯಾರ ಕೈ ಸೇರುತ್ತದೆ ಎಂದು ಕೇಳುವುದು ನಮ್ಮ ಅಭ್ಯಾಸ. ಭತ್ತದ ವಿಷಯದಲ್ಲಿ ಕೇಳಿದ ಪ್ರಶ್ನೆಯನ್ನೇ ನಾಲ್ಕು ಲಕ್ಷ ರೂಪಾಯಿಯ ಕೈಚೀಲದ ವಿಷಯದಲ್ಲೂ ಕೇಳಬೇಕು. ಆ ಚೀಲಕ್ಕೆ ಅಷ್ಟು ಬೆಲೆ ಬರುವಂತೆ ಮಾಡುವ ಕೆಲಸದಲ್ಲಿ ಈ ಪತ್ರಿಕೆಗಳ ಪಾಲು ದೊಡ್ಡದಿದೆ. ಅದರ ಬಿಸಿ ನಮ್ಮ ಮನೆಯ ಸಾಲಕ್ಕೂ ತಟ್ಟುತ್ತದೆ. ಕೊನೆಯಲ್ಲಿ ಅಲ್ಲಿಗೆ ಬರುತ್ತೇನೆ.

ಮೊದಲು ಈ ಪತ್ರಿಕೆಗಳು ಎಂಥವು ಅಂತ ನೋಡೋಣ. ದಪ್ಪ, ನುಣುಪಾದ ಕಾಗದ. ಪುಟ ತಿರುವಿದರೆ ಗಡಿಯಾರ, ವಜ್ರ, ಕಾರು, ಸಮುದ್ರದ ಮೇಲೆ ತೇಲುವ ಖಾಸಗಿ ಹಡಗು. ಲಂಡನ್ನಿನ ಫೈನಾನ್ಶಿಯಲ್ ಟೈಮ್ಸ್ ಎಂಬ ವ್ಯಾಪಾರಸ್ಥರ ದಿನಪತ್ರಿಕೆ 1967ರಲ್ಲಿ ಒಂದು ಪುಟ ಆರಂಭಿಸಿತು. 1994ರಲ್ಲಿ ಅದು ಬೇರೆಯೇ ಮ್ಯಾಗಜೀನ್ ಆಯಿತು. ಅದರ ಹೆಸರು 'ಹೌ ಟು ಸ್ಪೆಂಡ್ ಇಟ್', ಅಂದರೆ 'ಅದನ್ನು ಖರ್ಚು ಮಾಡುವುದು ಹೇಗೆ'. 2022ರಲ್ಲಿ ಆ ಹೆಸರನ್ನು ನಾಲ್ಕು ಅಕ್ಷರಕ್ಕೆ ಮೊಟಕು ಮಾಡಿ ಎಚ್‌ಟಿಎಸ್‌ಐ ಅಂತ ಇಟ್ಟುಕೊಂಡರು. ಹೆಸರು ಯೋಚಿಸಿ ನೋಡಿ. 'ಅದನ್ನು' ಅಂದರೆ ದುಡ್ಡನ್ನು. ಆ ದುಡ್ಡು ಹೇಗೆ ಬಂತು ಎಂಬ ಪ್ರಶ್ನೆ ಆ ಹೆಸರಿನಲ್ಲೇ ಮುಗಿದುಹೋಗಿದೆ. ಬಂದಾಗಿದೆ, ಈಗ ಖರ್ಚಿನ ಮಾತು ಅಷ್ಟೆ. ಇಂಥ ಪತ್ರಿಕೆಗಳೆಲ್ಲದರ ಮೂಲ ಗುಣ ಇದೇ. ಸಂಪತ್ತನ್ನು ಅದರ ಬೇರಿನಿಂದ ಕತ್ತರಿಸಿ, ಹೂವನ್ನು ಮಾತ್ರ ಹೂದಾನಿಯಲ್ಲಿಟ್ಟು ತೋರಿಸುವುದು.

ಇವು ಬದುಕುವುದು ಹೇಗೆ? ಓದುಗ ಕೊಡುವ ಬಿಡಿ ಪ್ರತಿಯ ಬೆಲೆಯಲ್ಲಿ ಅಂಥ ಕಾಗದ, ಅಂಥ ಅಚ್ಚು ಗಿಟ್ಟುವುದಿಲ್ಲ. ದುಡ್ಡು ಬರುವುದು ಜಾಹೀರಾತಿನಿಂದ. ನಮ್ಮ ಎ.ಪಿ.ಎಂ.ಸಿ. ಮಂಡಿಯ ಲೆಕ್ಕದಲ್ಲಿ ಹೇಳುತ್ತೇನೆ, ಬೇಗ ಅರ್ಥವಾಗುತ್ತದೆ. ಇಲ್ಲಿ ಕೊಳ್ಳುವವನು ಜಾಹೀರಾತು ಕೊಡುವ ಕಂಪನಿ. ಪತ್ರಿಕೆ ದಲ್ಲಾಳಿ. ಹಾಗಾದರೆ ರಾಶಿ ಹಾಕಿರುವ ಮಾಲು ಯಾವುದು? ಓದುಗನೇ ಮಾಲು! ರೇಷ್ಮೆ ಗೂಡನ್ನು ದರ್ಜೆ ನೋಡಿ ಹರಾಜು ಕೂಗುವ ಹಾಗೆ, ಓದುಗನ ವರಮಾನ ನೋಡಿ ಪುಟದ ದರ ಕೂಗುತ್ತಾರೆ. ಅಮೆರಿಕದಲ್ಲಿ ಕಾಂಡೆ ನಾಸ್ಟ್ ಎಂಬ ಪ್ರಕಾಶಕ 1909ರಲ್ಲಿ 'ವೋಗ್' ಪತ್ರಿಕೆಯನ್ನು ಕೊಂಡುಕೊಂಡ. ಹೆಚ್ಚು ಜನ ಓದಬೇಕು ಎಂಬುದು ಆಗಿನ ಪತ್ರಿಕೆಗಳ ಆಸೆ. ಇವನ ಲೆಕ್ಕ ಬೇರೆ. ಒಂದು ತಟ್ಟೆ ತುಂಬ ಸೂಜಿ ಇವೆ, ಅವುಗಳಲ್ಲಿ ಕೆಲವಕ್ಕೆ ಮಾತ್ರ ಬಂಗಾರದ ಮೊನೆ ಇದೆ, ಒಂದೊಂದಾಗಿ ಆರಿಸುತ್ತ ಕೂತರೆ ಹೊತ್ತು ಹಾಳು, ಬಂಗಾರದ್ದನ್ನು ಮಾತ್ರ ಎಳೆಯುವ ಅಯಸ್ಕಾಂತ ಒಂದಿದ್ದರೆ ಎಷ್ಟು ಅನುಕೂಲ ಎಂಬುದು ಅವನ ಹೋಲಿಕೆ. ತನ್ನ ಪತ್ರಿಕೆಯೇ ಆ ಅಯಸ್ಕಾಂತ ಅಂತ ಅವನು ಕಂಪನಿಗಳಿಗೆ ಹೇಳಿದ. ಇವತ್ತಿಗೂ ಈ ವ್ಯಾಪಾರ ನಡೆಯುವುದು ಇದೇ ಸೂತ್ರದ ಮೇಲೆ.

ಆದರೆ ಈ ಅಯಸ್ಕಾಂತ ಎಳೆಯುವುದು ಬಂಗಾರದ ಮೊನೆಯನ್ನಷ್ಟೇ ಅಂತ ತಿಳಿಯಬೇಡಿ. ಶ್ರೀಮಂತನಿಗೆ ಅದು 'ನೀನು ಇದಕ್ಕೆ ಯೋಗ್ಯ' ಅಂತ ಬೆನ್ನು ಚಪ್ಪರಿಸುತ್ತದೆ. ಅವನ ಖರ್ಚಿಗೆ ಅಭಿರುಚಿ, ಪರಂಪರೆ, ಕಲೆ ಎಂಬ ಮರ್ಯಾದೆಯ ಹೆಸರು ಕೊಡುತ್ತದೆ. ಇನ್ನು ಸಂಬಳದ ಮೇಲೆ ಬದುಕುವ ಹುಡುಗ ಹುಡುಗಿಯರು ಅದೇ ಪುಟ ನೋಡುತ್ತಾರಲ್ಲ, ಅವರಿಗೂ ಅಲ್ಲಿ ಒಂದು ಬಾಗಿಲು ತೆರೆದಿರುತ್ತದೆ. ಲಕ್ಷಾಂತರ ರೂಪಾಯಿಯ ಉಡುಪು ಅವರಿಂದ ಕೊಳ್ಳಲಾಗದು. ಅದೇ ಕಂಪನಿಯ ಹೆಸರು ಹೊತ್ತ ಸೆಂಟಿನ ಬಾಟಲಿ, ತುಟಿಗೆ ಬಳಿಯುವ ಬಣ್ಣ, ಕಪ್ಪು ಕನ್ನಡಕ ಕೊಳ್ಳಬಹುದು. ದೊಡ್ಡ ದೊಡ್ಡ ಫ್ಯಾಷನ್ ಕಂಪನಿಗಳ ವರಮಾನದಲ್ಲಿ ಇಂಥ ಸಣ್ಣ ಸಾಮಾನುಗಳ ಪಾಲು ಸಣ್ಣದೇನಲ್ಲ. ಮೇಲಿನ ಮೆಟ್ಟಿಲು ತೋರಿಸಿ ಕೆಳಗಿನ ಮೆಟ್ಟಿಲು ಮಾರುವ ವ್ಯವಹಾರ ಇದು.

ಈಗ ನಮ್ಮ ದೇಶದ್ದೇ ಒಂದು ಪ್ರಕರಣ ಹೇಳುತ್ತೇನೆ. ವೋಗ್ ಪತ್ರಿಕೆ 2007ರಲ್ಲಿ ಭಾರತಕ್ಕೆ ಬಂತು. ಮಾರನೇ ವರ್ಷ, 2008ರ ಆಗಸ್ಟ್ ಸಂಚಿಕೆಯಲ್ಲಿ ಅದು ಹಲವು ಪುಟಗಳ ಚಿತ್ರಸರಣಿ ಪ್ರಕಟಿಸಿತು. ಒಂದು ಚಿತ್ರದಲ್ಲಿ ಮುಂದಿನ ಹಲ್ಲು ಬಿದ್ದ ಮುದುಕಿ ಮಗುವನ್ನು ಎತ್ತಿಕೊಂಡಿದ್ದಾಳೆ. ಮಗುವಿನ ಕೊರಳಿಗೆ ಜೊಲ್ಲು ಒರೆಸಲು ಕಟ್ಟಿರುವ ಬಟ್ಟೆ ಫೆಂಡಿ ಕಂಪನಿಯದು, ಬೆಲೆ ಸುಮಾರು 100 ಡಾಲರ್. ಇನ್ನೊಂದರಲ್ಲಿ ಬರಿಗಾಲಿನ ಬಡ ಮನುಷ್ಯ ಬರ್ಬೆರಿ ಕಂಪನಿಯ ಕೊಡೆ ಹಿಡಿದಿದ್ದಾನೆ, ಸುಮಾರು 200 ಡಾಲರಿನದು. ಮತ್ತೊಂದರಲ್ಲಿ ಗಂಡ, ಹೆಂಡತಿ, ಮಗು ಒಂದೇ ಮೋಟಾರ್ ಸೈಕಲ್ ಮೇಲೆ. ಹೆಂಡತಿಯ ಕೈಯಲ್ಲಿ ಎರ್ಮೆಸ್ ಕಂಪನಿಯ ಬರ್ಕಿನ್ ಚೀಲ. ಅದರ ಬೆಲೆ ಸಾಮಾನ್ಯವಾಗಿ 10,000 ಡಾಲರಿಗೂ ಮೇಲೆ. ಚಿತ್ರದ ಕೆಳಗೆ ಚೀಲದ ಹೆಸರಿತ್ತು, ಕೊಡೆಯ ಹೆಸರಿತ್ತು, ಜೊಲ್ಲುಬಟ್ಟೆಯ ಹೆಸರೂ ಇತ್ತು. ಮನುಷ್ಯರ ಹೆಸರು ಇರಲಿಲ್ಲ. ಒಬ್ಬ ಗಂಡಸು, ಒಬ್ಬ ಹೆಂಗಸು, ಅಷ್ಟೆ.

ಇದರ ಮೇಲೆ ಟೀಕೆ ಎದ್ದಿತು. ದೆಹಲಿಯ ಪತ್ರಕರ್ತೆಯೊಬ್ಬರು ಖಂಡಿಸಿದರು, ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯೂ ಬರೆಯಿತು. ಪತ್ರಿಕೆಯ ಸಂಪಾದಕಿ ಇದನ್ನು ಹಗುರವಾಗಿ ತೆಗೆದುಕೊಳ್ಳಿ, ಫ್ಯಾಷನ್ ಈಗ ಸಿರಿವಂತರ ಸೊತ್ತಾಗಿ ಉಳಿದಿಲ್ಲ ಎಂಬ ಅರ್ಥದ ಮಾತಾಡಿದರು. ಸರಿ, ಹಗುರವಾಗಿಯೇ ತೆಗೆದುಕೊಂಡು ಲೆಕ್ಕ ಹಾಕೋಣ. ಆಗ ಡಾಲರಿಗೆ ಸುಮಾರು 43 ರೂಪಾಯಿ. ಹತ್ತು ಸಾವಿರ ಡಾಲರ್ ಅಂದರೆ 4 ಲಕ್ಷ 30 ಸಾವಿರ. 2008-09ರಲ್ಲಿ ಸಾಮಾನ್ಯ ಭತ್ತಕ್ಕೆ ಕೇಂದ್ರ ಸರ್ಕಾರ ಕೊಟ್ಟ ಬೆಂಬಲ ಬೆಲೆ 850 ರೂಪಾಯಿ, ಮೇಲೆ 50 ರೂಪಾಯಿ ಬೋನಸ್, ಒಟ್ಟು ಕ್ವಿಂಟಾಲಿಗೆ 900. ಆ ಒಂದು ಚೀಲಕ್ಕೆ ಸುಮಾರು 478 ಕ್ವಿಂಟಾಲ್ ಭತ್ತ. ಎಕರೆಗೆ 20 ಕ್ವಿಂಟಾಲ್ ಅಂತ ಹಿಡಿದರೆ ಇಪ್ಪತ್ತನಾಲ್ಕು ಎಕರೆ ಗದ್ದೆಯ ಒಂದು ಬೆಳೆ. ಇದು ಖರ್ಚು ಕಳೆಯದ ಲೆಕ್ಕ. ಬೀಜ, ಗೊಬ್ಬರ, ಆಳು, ಬಾಡಿಗೆ ಟ್ರ್ಯಾಕ್ಟರು ಕಳೆದರೆ ಎಷ್ಟು ವರ್ಷ ಬೇಕೋ ನೀವೇ ಹೇಳಿ.

ಅದೇ 2008ರ ಫೆಬ್ರವರಿಯ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ರೈತರ ಸಾಲ ಮನ್ನಾ ಯೋಜನೆ ಘೋಷಿಸಿತ್ತು. ಆಗ ಹೇಳಿದ ಮೊತ್ತ 60,000 ಕೋಟಿ. ನಮ್ಮ ಸಾಲ ಎಷ್ಟು, ಅದು ಯಾಕೆ ಬೆಳೆಯಿತು, ಮನ್ನಾ ಮಾಡುವುದು ತರವೇ ಎಂಬ ಚರ್ಚೆ ದೇಶದ ತುಂಬ ನಡೆಯಿತು. ನಮ್ಮ ಪ್ರತಿ ರೂಪಾಯಿಯನ್ನೂ ಬಿಸಿಲಿಗೆ ಹಿಡಿದು ನೋಡಿದರು. ನೋಡಲಿ, ತಪ್ಪಿಲ್ಲ. ಆದರೆ ಆ ಬಣ್ಣದ ಪುಟದಲ್ಲಿ ಹಳ್ಳಿಯ ಮುದುಕಿಯ ಕೈಗೆ ವಿದೇಶಿ ಕಂಪನಿಯ ಮಾಲು ಕೊಟ್ಟು ನಿಲ್ಲಿಸಿದವರಿಗೆ ಅವಳ ಮನೆಯ ಲೆಕ್ಕ ಬೇಕಾಗಲಿಲ್ಲ. ಬೇಕಾದದ್ದು ಅವಳ ಮುಖದ ಸುಕ್ಕು. ಹಿಂದೆ ಗೋಡೆ ಇರುವ ಹಾಗೆ, ಚೀಲದ ಹಿಂದೆ ಅವಳು.

ಇನ್ನು ಆ ಚೀಲಗಳ ಬೆಲೆಯ ಒಳಗುಟ್ಟು ನೋಡೋಣ. ನಮ್ಮ ಬೆಳೆಗೆ ಬೆಲೆ ಹೇಳಲು ದೆಹಲಿಯಲ್ಲಿ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಇದೆ. ಬೀಜಕ್ಕೆಷ್ಟು, ಗೊಬ್ಬರಕ್ಕೆಷ್ಟು, ಎತ್ತಿಗೆಷ್ಟು, ಹೆಂಡತಿ ಮಕ್ಕಳ ದುಡಿಮೆಗೆಷ್ಟು ಅಂತ ಕಾಸು ಕಾಸು ಎಣಿಸುತ್ತದೆ. ಎಣಿಸಿದ ಮೇಲೂ ಸರ್ಕಾರ 2018ರಿಂದ 'ಒಂದೂವರೆ ಪಟ್ಟು' ಅಂತ ಹೇಳಿಕೊಳ್ಳುತ್ತಿರುವುದು ಸ್ವಂತ ಭೂಮಿಯ ಗೇಣಿ, ಸ್ವಂತ ಬಂಡವಾಳದ ಬಡ್ಡಿ ಸೇರಿಸದ ವೆಚ್ಚದ ಮೇಲೆ. ಆ ಎರಡನ್ನೂ ಸೇರಿಸಿ ಎಂಬುದೇ ನಮ್ಮ ಜಗಳ. ಕೈಚೀಲಕ್ಕೆ ಉತ್ಪಾದನಾ ವೆಚ್ಚ ಎಷ್ಟು ಅಂತ ಯಾವ ಆಯೋಗ ಕೇಳಿತು?

ಒಂದು ಸಲ ಕೇಳಿದ್ದು ನ್ಯಾಯಾಲಯ. 2024ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದ ನ್ಯಾಯಾಲಯ, ಡಿಯೋರ್ ಎಂಬ ಫ್ರೆಂಚ್ ಹೆಸರಿಗೆ ಚೀಲ ಮಾಡಿಸುವ ಇಟಲಿಯ ಕಂಪನಿಯನ್ನು ತನ್ನ ಉಸ್ತುವಾರಿಗೆ ತೆಗೆದುಕೊಂಡಿತು. ತನಿಖೆಯಲ್ಲಿ ಹೊರಬಿದ್ದದ್ದೇನು? ಒಂದು ಮಾದರಿಯ ಚೀಲವನ್ನು ಜೋಡಿಸಿಕೊಡಲು ಉಪಗುತ್ತಿಗೆದಾರನಿಗೆ ಕೊಡುತ್ತಿದ್ದದ್ದು 53 ಯೂರೋ. ಅಂಗಡಿಯಲ್ಲಿ ಆ ಚೀಲದ ಬೆಲೆ 2,600 ಯೂರೋ. ಚರ್ಮ ಮೊದಲಾದ ಕಚ್ಚಾ ಮಾಲಿನ ಖರ್ಚು ಬೇರೆ, ಅದನ್ನೂ ಹೇಳಬೇಕು. ಆದರೂ ಮಾಡಿದ ಕೈಗಳಿಗೆ ಸಂದದ್ದು ನೂರಕ್ಕೆ ಎರಡು. ಆ ಕಾರ್ಖಾನೆಗಳಲ್ಲಿ ಕಾರ್ಮಿಕರು ರಾತ್ರಿಯೂ ರಜಾದಿನವೂ ದುಡಿಯುತ್ತಿದ್ದರು, ಕೆಲವರು ಅಲ್ಲೇ ಮಲಗುತ್ತಿದ್ದರು. ಕಂಪನಿ ತನ್ನ ವ್ಯವಸ್ಥೆ ತಿದ್ದಿಕೊಂಡಿತೆಂದು 2025ರಲ್ಲಿ ನ್ಯಾಯಾಲಯ ಉಸ್ತುವಾರಿ ತೆರವು ಮಾಡಿತು. ಈಗ ಹೇಳಿ, ಫ್ಯಾಷನ್ ಪತ್ರಿಕೆಯ ಯಾವ ಚಿತ್ರದಲ್ಲಿ ಆ 53 ಯೂರೋ ಕಾಣುತ್ತದೆ? ಕುಶಲ ಕೈಗಳ ಪರಂಪರೆ ಅಂತ ಬರೆಯುತ್ತಾರೆ. ಆ ಕೈಗೆ ಕೂಲಿ ಎಷ್ಟು ಅಂತ ಬರೆಯುವುದಿಲ್ಲ.

ಎರಡನೆಯ ಗುಟ್ಟು, ಕೊರತೆ. ಬರ್ಕಿನ್ ಚೀಲ ದುಡ್ಡು ಹಿಡಿದುಕೊಂಡು ಹೋದರೂ ಕೂಡಲೇ ಸಿಗುವುದಿಲ್ಲ. ಕಂಪನಿ ಕಡಿಮೆ ಮಾಡುತ್ತದೆ, ಕಾಯಿಸುತ್ತದೆ. ಕಾದಷ್ಟೂ ಆಸೆ, ಆಸೆಯಷ್ಟೂ ಬೆಲೆ. ಮಾಲು ಮಿಕ್ಕಿದರೆ ಏನು ಮಾಡುತ್ತಾರೆ ಅಂತ ಕೇಳಿ. ಬರ್ಬೆರಿ ಕಂಪನಿ, ಅದೇ ಕೊಡೆಯವರು, 2018ರಲ್ಲಿ ಹೊರಟ ವಾರ್ಷಿಕ ವರದಿಯಲ್ಲಿ ಒಂದೇ ವರ್ಷದಲ್ಲಿ 2 ಕೋಟಿ 86 ಲಕ್ಷ ಪೌಂಡ್ ಬೆಲೆಯ ಮಾರಾಟವಾಗದ ಮಾಲನ್ನು ನಾಶಪಡಿಸಿದ್ದಾಗಿ ತಿಳಿಸಿತು. ಆಗಿನ ದರದಲ್ಲಿ ಅದು 250 ಕೋಟಿ ರೂಪಾಯಿಗೂ ಮೇಲೆ. ಅಗ್ಗಕ್ಕೆ ಮಾರಿದರೆ ಹೆಸರಿನ ಬೆಲೆ ಇಳಿಯುತ್ತದಲ್ಲ, ಅದಕ್ಕೆ! ಗದ್ದಲವಾದ ಮೇಲೆ ಆ ವರ್ಷದ ಸೆಪ್ಟೆಂಬರಿನಲ್ಲಿ ಈ ಪದ್ಧತಿ ನಿಲ್ಲಿಸುವುದಾಗಿ ಹೇಳಿತು. ಕೋಲಾರದ ಕಡೆ ಟೊಮೇಟೊ ಬೆಲೆ ಬಿದ್ದಾಗ ನಾವೂ ರಸ್ತೆ ಬದಿಗೆ ಸುರಿಯುತ್ತೇವೆ. ಅವರು ನಾಶ ಮಾಡುವುದು ಬೆಲೆ ಉಳಿಸಿಕೊಳ್ಳಲು. ನಾವು ಸುರಿಯುವುದು ಕೀಳುವ ಕೂಲಿ, ಲಾರಿ ಬಾಡಿಗೆಯೂ ಹುಟ್ಟದೆ. ಉತ್ಪಾದನೆಯ ಮೇಲೆ ಹತೋಟಿ ಯಾರಿಗಿದೆಯೋ ಬೆಲೆ ಅವರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಡ.

ಈ ತೋರಿಕೆಯ ವಿದ್ಯೆಯನ್ನು ಮೊದಲು ಬಿಡಿಸಿ ಹೇಳಿದವನು ಒಬ್ಬ ರೈತನ ಮಗ ಅಂದರೆ ನಿಮಗೆ ಸಂತೋಷವಾಗಬಹುದು. ಥೋರ್‌ಸ್ಟೀನ್ ವೆಬ್ಲೆನ್ ಅವನ ಹೆಸರು. ನಾರ್ವೆ ದೇಶದಿಂದ ಅಮೆರಿಕಕ್ಕೆ ವಲಸೆ ಬಂದ ಬೇಸಾಯಗಾರರ ಮನೆಯಲ್ಲಿ 1857ರಲ್ಲಿ ಹುಟ್ಟಿದವನು, ಹೊಲದಲ್ಲಿ ಬೆಳೆದವನು. ದುಡಿಯದೆ ಬದುಕುವ ವರ್ಗದ ಮೇಲೆ 1899ರಲ್ಲಿ ಪುಸ್ತಕ ಬರೆದ. ಮೇಷ್ಟ್ರೊಬ್ಬರು ಅದರ ಒಂದು ಭಾಗವನ್ನು ನನಗೆ ಓದಿ ಹೇಳಿದರು. ಸಿರಿವಂತರ ಬಂಗಲೆ ಮುಂದಿನ ಹುಲ್ಲುಹಾಸು ಅಂದರೇನು? ದನ ಮೇಯುವ ಹುಲ್ಲುಗಾವಲೇ. ಆ ಹುಲ್ಲನ್ನು ಮಟ್ಟವಾಗಿ ಮೇಯಲು ಹಸುವೇ ತಕ್ಕ ಪ್ರಾಣಿ. ಆದರೆ ಹಸು ಕಟ್ಟಿದರೆ ಲಾಭ, ಉಳಿತಾಯ, ಕೆಲಸ ನೆನಪಾಗುತ್ತದೆ, ಮರ್ಯಾದೆ ಕಡಿಮೆ. ಅದಕ್ಕೆ ಜಿಂಕೆಯಂಥ ಉಪಯೋಗವಿಲ್ಲದ ಪ್ರಾಣಿಯನ್ನು ಬಿಡುತ್ತಾರೆ ಅಂತ ಅವನು ಬರೆದ. ಹಸು ಕಟ್ಟಿದವನಿಗೇ ಹೊಳೆಯುವ ಮಾತು ಇದು.

ಅವನ ಪುಸ್ತಕಕ್ಕೆ ಎರಡು ವರ್ಷ ಮುಂಚೆ, 1897ರಲ್ಲಿ, ಇಂಗ್ಲೆಂಡಿನಲ್ಲಿ 'ಕಂಟ್ರಿ ಲೈಫ್', ಅಂದರೆ 'ಹಳ್ಳಿ ಬದುಕು' ಎಂಬ ಚಂದದ ವಾರಪತ್ರಿಕೆ ಹುಟ್ಟಿತು. ಅದಕ್ಕೆ ಹಿಂದಿನ ಇಪ್ಪತ್ತು ವರ್ಷ ಅಮೆರಿಕದ ಅಗ್ಗದ ಗೋಧಿ ಬಂದು ಬಿದ್ದು ಇಂಗ್ಲೆಂಡಿನ ಬೇಸಾಯ ನೆಲಕಚ್ಚಿತ್ತು. ಬೇಸಾಯ ಸೋತ ಕಾಲದಲ್ಲೇ ಹಳ್ಳಿ ನೋಡಲು ಚಂದವಾಗಿ ಕಂಡಿತು ನೋಡಿ! ಆ ಪತ್ರಿಕೆಯ ತುಂಬ ದೊಡ್ಡ ಬಂಗಲೆ, ತೋಟ, ನಾಯಿ, ಕುದುರೆ. ಮೊದಲ ಪುಟಗಳಲ್ಲಿ ಎಸ್ಟೇಟು ಮಾರಾಟದ ಜಾಹೀರಾತು.

ಈಗ ನಮ್ಮ ಕಡೆ ನೋಡಿ. 1974ರ ತಿದ್ದುಪಡಿಯಿಂದ ಉಳುವವನೇ ಹೊಲದೊಡೆಯ ಅಂತಾಯಿತು. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ಇನ್ನೊಂದು ತಿದ್ದುಪಡಿ ತಂದು 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದರು. ಬೇಸಾಯಗಾರನಲ್ಲದವನೂ, ಎಷ್ಟೇ ವರಮಾನ ಇದ್ದವನೂ ಹೊಲ ಕೊಳ್ಳಲು ದಾರಿಯಾಯಿತು. ಬೆಂಗಳೂರಿನ ಸುತ್ತಮುತ್ತ ಫಾರ್ಮ್‌ಹೌಸ್, ಮ್ಯಾನೇಜ್ಡ್ ಫಾರ್ಮ್‌ಲ್ಯಾಂಡ್ ಎಂಬ ಜಾಹೀರಾತುಗಳನ್ನು ನೀವೂ ಕಂಡಿದ್ದೀರಿ. ಸೂರ್ಯೋದಯ, ತೆಂಗಿನ ಸಾಲು, ಈಜುಕೊಳ, ಬಿಳಿ ಬಟ್ಟೆ ಹಾಕಿದ ದಂಪತಿ. ಎಮ್ಮೆ ಇಲ್ಲ, ತಿಪ್ಪೆ ಇಲ್ಲ, ಕಳೆ ಕೀಳುವ ಹೆಂಗಸಿಲ್ಲ. ಆ ಹೊಲ ಮಾರಿದವನು ಯಾಕೆ ಮಾರಿದ ಎಂಬುದಂತೂ ಇಲ್ಲವೇ ಇಲ್ಲ. ಬೋರ್‌ವೆಲ್ ಬತ್ತಿ, ಸಾಲ ಏರಿ, ಕೈಬಿಟ್ಟ ಎರಡೆಕರೆ ಆ ಚಿತ್ರದಲ್ಲಿ 'ನೆಮ್ಮದಿಯ ತಾಣ'.

ಇಷ್ಟು ಅವರ ಮಾತಾಯಿತು. ಈಗ ನಮ್ಮ ಮನೆಗೆ ಬರೋಣ.

ಆ ಪತ್ರಿಕೆ ನಮ್ಮ ಊರಿಗೆ ಬರುವುದಿಲ್ಲ, ನಿಜ. ಅದರ ಚಿತ್ರ ಮಾತ್ರ ಬರುತ್ತದೆ. ಮೊದಲು ಸಿನಿಮಾದಲ್ಲಿ ಬಂತು, ಆಮೇಲೆ ಟಿ.ವಿ. ಧಾರಾವಾಹಿಯಲ್ಲಿ, ಈಗ ಮಕ್ಕಳ ಕೈಯ ಮೊಬೈಲಿನಲ್ಲಿ. ದೊಡ್ಡ ಉದ್ಯಮಿಯ ಮನೆಯ ಮದುವೆ ನೋಡಿ ಪೇಟೆಯ ವ್ಯಾಪಾರಿ, ವ್ಯಾಪಾರಿಯನ್ನು ನೋಡಿ ಊರ ದೊಡ್ಡ ಹಿಡುವಳಿದಾರ, ಅವನನ್ನು ನೋಡಿ ಮೂರೆಕರೆಯವನು. ಮದುವೆಗೆ ಮುಂಚೆ ಕೆರೆ ಏರಿ ಮೇಲೆ ಫೋಟೋ ತೆಗೆಸಬೇಕು, ಛತ್ರದ ಬಾಗಿಲಿಗೆ ಬೇರೆ ಊರಿಂದ ತರಿಸಿದ ಹೂವು ಬೇಕು, ಬೆಳ್ಳಿ ಬಣ್ಣದ ಡಬ್ಬಿಯಲ್ಲಿ ಲಗ್ನಪತ್ರಿಕೆ ಬೇಕು. ಬೆಳೆ ಸಾಲ ತಂದ ದುಡ್ಡು ಛತ್ರಕ್ಕೆ ಹೋಗುತ್ತದೆ, ಗೊಬ್ಬರದ ಅಂಗಡಿಯಲ್ಲಿ ಕಡ ಬರೆಸುತ್ತೇವೆ. ಅಂಗಡಿಯವನೇ ಫಸಲಿಗೂ ದರ ಹೇಳುತ್ತಾನೆ. ಅಲ್ಲಿಗೆ ನಮ್ಮ ಬೆಲೆಯ ಹೋರಾಟದ ಕುತ್ತಿಗೆಗೆ ನಾವೇ ಹಗ್ಗ ಕೊಟ್ಟ ಹಾಗೆ.

ಇದನ್ನು ಹೇಳುವಾಗ ಹುಷಾರಾಗಿ ಹೇಳಬೇಕು. ಯಾಕೆಂದರೆ ಪೇಟೆಯ ದೊಡ್ಡ ಮನುಷ್ಯರಿಗೆ ಇದೇ ಮಾತು ಬೇಕಾಗಿದೆ. ರೈತರು ಸಾಲ ಮಾಡುವುದು ಮದುವೆಗೆ, ಬೆಲೆಯ ಮಾತೆಲ್ಲ ನೆಪ ಅಂತ ಅವರು ಆಡಿಕೊಳ್ಳುತ್ತಾರೆ. ಸುಳ್ಳು. ಹಾಕಿದ ಬಂಡವಾಳ ಹುಟ್ಟದ ಬೆಳೆ, ಮಳೆ ಕೈಕೊಟ್ಟ ವರ್ಷ, ಕೊರೆದಷ್ಟೂ ನೀರು ಸಿಗದ ಬಾವಿ, ಆಸ್ಪತ್ರೆ ಖರ್ಚು, ಇವು ನಮ್ಮನ್ನು ಸಾಲಕ್ಕೆ ನೂಕಿದವು. ಒಂದು ಹೊತ್ತಿನ ಹೋಳಿಗೆ ಊಟದಿಂದ ಯಾವ ರೈತನೂ ಮುಳುಗಲಿಲ್ಲ. ಆದರೆ ಎರಡು ಸಾಲವನ್ನೂ ಒಂದೇ ಪುಸ್ತಕದಲ್ಲಿ ಬೆರೆಸಿಟ್ಟರೆ, ತೋರಿಕೆಯ ಸಾಲ ತೋರಿಸಿ ಬೇಸಾಯದ ಸಾಲವನ್ನು ಅಲ್ಲಗಳೆಯಲು ಅವರಿಗೆ ಸುಲಭ.

ಆದ್ದರಿಂದ ನನ್ನ ಸೂಚನೆ ಇಷ್ಟು. ಪ್ರತಿ ಮನೆಯಲ್ಲೂ ಲೆಕ್ಕದ ಪುಸ್ತಕಕ್ಕೆ ಎರಡು ಪುಟ ಮಾಡಿ. ಎಡಗಡೆ ಭೂಮಿಗೆ ಹಾಕಿದ್ದು: ಬೀಜ, ಗೊಬ್ಬರ, ಆಳು, ನಮ್ಮ ಮನೆಯವರ ದುಡಿಮೆ, ನೆಲದ ಗೇಣಿ, ಬಡ್ಡಿ. ಬಲಗಡೆ ಕಣ್ಣಿಗೆ ಹಾಕಿದ್ದು: ನಾಲ್ಕು ಜನ ನೋಡಲಿ ಅಂತ ಮಾಡಿದ್ದು. ಎಡಗಡೆಯ ಪುಟ ಹಿಡಿದುಕೊಂಡು ವಿಧಾನಸೌಧದ ಮುಂದೆ ಕೂರೋಣ, ಒಂದು ಪೈಸೆಯನ್ನೂ ಬಿಟ್ಟುಕೊಡುವುದು ಬೇಡ. ಬಲಗಡೆಯ ಪುಟ ನಾವು ನಾವೇ ಕೂತು, ಮನೆಯ ಹೆಣ್ಣುಮಕ್ಕಳನ್ನೂ ಕೂರಿಸಿಕೊಂಡು ಓದೋಣ. ಸರಳವಾಗಿ ಮಾಡಿದರೆ ಜನ ಏನಂತಾರೋ ಎಂಬ ಭಯ ಇದ್ದವರು ಕುವೆಂಪು ಅವರನ್ನು ನೆನೆಯಿರಿ. 1966ರಲ್ಲಿ ಅವರು ಮಗ ಪೂರ್ಣಚಂದ್ರ ತೇಜಸ್ವಿಯ ಮದುವೆಯನ್ನು ಆಡಂಬರವಿಲ್ಲದೆ ಮಂತ್ರಮಾಂಗಲ್ಯದ ರೀತಿಯಲ್ಲಿ ಮಾಡಿದರು. ಅದರಿಂದ ಅವರ ಮಾನ ಹೋಗಲಿಲ್ಲ, ನಾಡಿನಲ್ಲಿ ಎಷ್ಟೋ ಜನ ಅದೇ ದಾರಿ ಹಿಡಿದರು.

ಮಕ್ಕಳಿಗೆ ಬಣ್ಣದ ಚಿತ್ರ ನೋಡಬೇಡ ಅಂತ ಬೈಯುವುದರಿಂದ ಏನೂ ಆಗದು. ಚಂದವಾದದ್ದನ್ನು ನೋಡುವುದು, ಒಳ್ಳೆ ಬಟ್ಟೆ ಉಡುವುದು ಪಾಪವೂ ಅಲ್ಲ. ನಮ್ಮ ಇಳಕಲ್ ಸೀರೆ ನೇಯ್ದ ಕೈಗೂ ಒಳ್ಳೆಯ ಕೂಲಿ ಬೇಕು, ಅದನ್ನು ಉಡುವವರೂ ಬೇಕು. ಚಿತ್ರ ನೋಡಿದ ಮಗುವಿಗೆ ಮೂರು ಪ್ರಶ್ನೆ ಕಲಿಸಿ. ಇದನ್ನು ಯಾರು ಮಾಡಿದರು? ಅವರಿಗೆ ಎಷ್ಟು ಸಿಕ್ಕಿತು? ಈ ಚಿತ್ರ ನನಗೆ ತೋರಿಸಲು ಯಾರು ದುಡ್ಡು ಕೊಟ್ಟರು? ಎಸ್.ಎಸ್.ಎಲ್.ಸಿ. ಓದಿದ ಮಗುವಿಗೂ ಇದು ಬರುತ್ತದೆ. ಮಂಡಿಯಲ್ಲಿ ತೂಕದ ಮೇಲೆ ಕಣ್ಣಿಟ್ಟು ನಿಲ್ಲುವ ನಮಗೆ ಇದನ್ನು ಹೇಳಿಕೊಡುವುದು ಕಷ್ಟವಲ್ಲ.

ಮುಂದಿನ ತಿಂಗಳ ಸಭೆಗೆ ಬರುವಾಗ ಎಡಗಡೆಯ ಪುಟ ಬರೆದುಕೊಂಡು ಬನ್ನಿ. ಊರಿನ ಲೆಕ್ಕ ಕೂಡಿಸಿ ತಾಲ್ಲೂಕಿನ ಲೆಕ್ಕ ಮಾಡೋಣ.